ಒಂದೇ ಹೈಸ್ಕೂಲು, ಎರಡು ಕ್ಯಾಂಪಸ್: ಒಡೆಯುವ ಮೊದಲು ಹಾಕಬೇಕಾದ ಲೆಕ್ಕ

ಪಿಸಿಎಂ (ಭೌತ, ರಸಾಯನ, ಗಣಿತ) ಮೇಷ್ಟ್ರು ಎಂಟನೇ 'ಬಿ' ಸೆಕ್ಷನ್ ಬಾಗಿಲಲ್ಲಿ ಹೆಲ್ಮೆಟ್ ತೆಗೆದಾಗ ಪೀರಿಯಡ್ ಶುರುವಾಗಿ ಹದಿನಾಲ್ಕು ನಿಮಿಷ ಆಗಿತ್ತು. ರೈಲ್ವೆ ಗೇಟ್ ಬಿದ್ದಿತ್ತು ಅಂದರು. ನಲವತ್ತೈದರಲ್ಲಿ ಉಳಿದದ್ದು ಮೂವತ್ತೊಂದು ನಿಮಿಷ. ಹಾಜರಿಗೆ ಮೂರು ಹೋಯಿತು. ನಿತ್ಯಸಮೀಕರಣ ಶುರು ಮಾಡಿ ಎರಡನೇ ಲೆಕ್ಕಕ್ಕೆ ಬರುವಷ್ಟರಲ್ಲಿ ಬೆಲ್ ಹೊಡೆಯಿತು. ಮತ್ತೆ ಹೆಲ್ಮೆಟ್ ಹಾಕಿಕೊಂಡು ಹೊರಟರು, ಆ ಕಡೆ ಹತ್ತನೇ 'ಸಿ' ಕಾಯುತ್ತಿತ್ತಲ್ಲ.

ಅವತ್ತು ನನಗೆ ಅರ್ಥವಾಯಿತು. ನಾವು ಕಟ್ಟಡವನ್ನ ಎರಡು ಮಾಡಿದ್ದೆವು, ಆದರೆ ಒಡೆದು ಹೋಗಿದ್ದು ಮೇಷ್ಟ್ರ ಹೊತ್ತು.

ಮಕ್ಕಳು ಜಾಸ್ತಿಯಾಗಿ, ರೂಮು ಸಾಲದೆ, ಅಥವಾ ಮಳೆಗೆ ಹಳೇ ಕಟ್ಟಡ ಶಿಥಿಲವಾಗಿ, ಸರ್ಕಾರಿ ಪ್ರೌಢಶಾಲೆಯನ್ನ ಎರಡು ಕಡೆ ನಡೆಸಬೇಕಾಗಿ ಬಂದ ಮುಖ್ಯ ಶಿಕ್ಷಕರಿಗೆ, ಎಸ್‌ಡಿಎಂಸಿಯವರಿಗೆ (ಶಾಲಾಭಿವೃದ್ಧಿ ಸಮಿತಿ), ಪೋಷಕರಿಗೆ ಇದನ್ನ ಬರೆಯುತ್ತಿದ್ದೇನೆ. ನಾನೊಬ್ಬ ನಿವೃತ್ತ ಮುಖ್ಯ ಶಿಕ್ಷಕ. ಸುಮಾರು 900 ಮಕ್ಕಳ ಶಾಲೆಯನ್ನ ಎರಡು ಕಡೆ ನಡೆಸಿದೆ. ಮಾಡಿದ ತಪ್ಪುಗಳೂ ಇಲ್ಲಿವೆ. ಊರಿನ ಹೆಸರು ಬೇಡ ಬಿಡಿ.

ಹೆಜ್ಜೆ 1: ಒಂದು ಶಾಲೆಯೋ ಎರಡು ಶಾಲೆಯೋ, ಮೊದಲು ತೀರ್ಮಾನಿಸಿ

ಮೀಟಿಂಗಿನಲ್ಲಿ ಎಲ್ಲರೂ "ಶಾಲೆ ಎರಡು ಮಾಡೋಣ" ಅಂತಾರೆ. ಆದರೆ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಇರುತ್ತದೆ.

ಒಂದೇ ಶಾಲೆ, ಎರಡು ಜಾಗ ಅಂದರೆ ಯುಡೈಸ್ ಕೋಡ್, ಅಂದರೆ ಪ್ರತಿ ಶಾಲೆಗೂ ಕೊಡುವ ಗುರುತಿನ ನಂಬರ್, ಒಂದೇ. ನಮ್ಮ ರಾಜ್ಯದ್ದು 29ರಿಂದ ಶುರುವಾಗುವ ಹನ್ನೊಂದು ಅಂಕಿಯ ನಂಬರ್ ಇದೆಯಲ್ಲ, ಅದೇ. ಒಬ್ಬರೇ ಎಚ್‌ಎಂ (ಮುಖ್ಯ ಶಿಕ್ಷಕರು), ಒಂದೇ ದಾಖಲಾತಿ ವಹಿ, ಟಿಸಿ ಮೇಲೆ ಒಂದೇ ಸೀಲು. ಎರಡು ಶಾಲೆ ಅಂದರೆ ಕೋಡ್ ಬೇರೆ, ಎಚ್‌ಎಂ ಬೇರೆ, ಮಂಜೂರಾದ ಹುದ್ದೆಗಳ ಪಟ್ಟಿಯೇ ಬೇರೆ. ಪಿಯು ಕಾಲೇಜಿನ ಜೊತೆಗಿದ್ದ ಹೈಸ್ಕೂಲುಗಳನ್ನ ನೋಡಿ. ಬೋರ್ಡಿನಲ್ಲಿ 'ಪ್ರೌಢಶಾಲಾ ವಿಭಾಗ' ಅಂತ ಇರುತ್ತದೆ, ಉಪ ಪ್ರಾಂಶುಪಾಲರು ನಡೆಸುತ್ತಾರೆ, ಕಾಲೇಜಿನದ್ದು ಬೇರೆ ದರ್ಬಾರು. ಕರ್ನಾಟಕ ಪಬ್ಲಿಕ್ ಸ್ಕೂಲ್ ಆದ ಕಡೆ ಇದರ ಉಲ್ಟಾ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಹೆಸರು, ಕಟ್ಟಡ ಮಾತ್ರ ಎಷ್ಟೋ ಊರಲ್ಲಿ ಅಲ್ಲೊಂದು ಇಲ್ಲೊಂದು.

ದುಡ್ಡಿನ ಲೆಕ್ಕವೂ ಇಲ್ಲೇ ಇದೆ. ಸಮಗ್ರ ಶಿಕ್ಷಣದಲ್ಲಿ ಶಾಲಾ ಅನುದಾನ ಮಕ್ಕಳ ಸಂಖ್ಯೆ ನೋಡಿ ನಿಗದಿಯಾಗುತ್ತದೆ. 250 ದಾಟಿ 1,000ದವರೆಗೆ ಇದ್ದರೆ ವರ್ಷಕ್ಕೆ 75,000 ರೂಪಾಯಿ. ನಮ್ಮಲ್ಲಿ ಒಂದು ಕಡೆ 310, ಇನ್ನೊಂದು ಕಡೆ 600 ಮಕ್ಕಳು. ಎರಡು ಶಾಲೆಯಾಗಿದ್ದರೆ ಲೆಕ್ಕದ ಪ್ರಕಾರ ಎರಡಕ್ಕೂ 75,000. ಒಂದೇ ಶಾಲೆಯಾಗಿದ್ದರಿಂದ ಅದೇ 75,000ದಲ್ಲಿ ಎರಡು ಕಡೆಗೂ ಸೀಮೆಸುಣ್ಣ, ಫಿನಾಯಿಲ್, ನಲ್ಲಿ ರಿಪೇರಿ.

ಹಾಗಾದರೆ ಎರಡು ಶಾಲೆಯೇ ಮೇಲಲ್ವಾ? ಹುದ್ದೆ ಮಂಜೂರಾಗದಿದ್ದರೆ ಅಲ್ಲ. ಪಿಸಿಎಂ, ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ), ಹಿಂದಿ, ದೈಹಿಕ ಶಿಕ್ಷಕರು, ಒಬ್ಬ ಎಸ್‌ಡಿಎ (ಗುಮಾಸ್ತರು), ಇಷ್ಟಾದರೂ ಹೊಸ ಶಾಲೆಗೆ ಮಂಜೂರಾಗಿ ಬರುತ್ತಾರೆ ಅನ್ನುವುದು ಕಾಗದದಲ್ಲಿ ಬರುವವರೆಗೆ ಕೋಡ್ ಬೇರೆ ಮಾಡಿಸಬೇಡಿ. ಇಲ್ಲದಿದ್ದರೆ ಒಂದು ಗಟ್ಟಿ ಶಾಲೆ ಹೋಗಿ ಎರಡು ಕುಂಟು ಶಾಲೆ ಆಗುತ್ತವೆ. ಮುಂದಿನದ್ದೆಲ್ಲ 'ಒಂದೇ ಶಾಲೆ, ಎರಡು ಜಾಗ' ಅಂತ ಇಟ್ಟುಕೊಂಡೇ ಹೇಳುತ್ತೇನೆ.

ಹೆಜ್ಜೆ 2: ಹೇಗೆ ಒಡೆಯಬೇಕು

ಇಲ್ಲಿ ಆತುರ ಬೇಡ. ಉಳಿದದ್ದೆಲ್ಲ ಆಮೇಲೆ ಸರಿ ಮಾಡಬಹುದು, ಇದನ್ನ ವರ್ಷದ ಮಧ್ಯೆ ಬದಲಾಯಿಸುವುದು ಕಷ್ಟ.

ಒಡೆಯುವುದಕ್ಕೆ ನಾಲ್ಕು ದಾರಿ: ತರಗತಿ ಪ್ರಕಾರ, ಸೆಕ್ಷನ್ ಪ್ರಕಾರ, ಮೀಡಿಯಂ ಪ್ರಕಾರ, ಹುಡುಗ-ಹುಡುಗಿ ಅಂತ. ನನ್ನ ಮಾತು ಕೇಳುವುದಾದರೆ ತರಗತಿ ಪ್ರಕಾರ ಒಡೆಯಿರಿ. ಯಾಕೆ ಅನ್ನುವುದನ್ನ ಲೆಕ್ಕದಲ್ಲೇ ತೋರಿಸುತ್ತೇನೆ.

ನಮ್ಮಲ್ಲಿ ಎಂಟು, ಒಂಬತ್ತು, ಹತ್ತು, ಮೂರಕ್ಕೂ ಐದೈದು ಸೆಕ್ಷನ್. ದಿನಕ್ಕೆ ಎಂಟು ಪೀರಿಯಡ್, ಶನಿವಾರ ಐದು, ವಾರಕ್ಕೆ 45. ಇಂಗ್ಲಿಷ್‌ಗೆ ಒಂದು ಸೆಕ್ಷನ್‌ಗೆ ವಾರಕ್ಕೆ ಆರು ಪೀರಿಯಡ್. ಎಂಟನೇ ತರಗತಿ ಪೂರ್ತಿ ಹೊಸ ಜಾಗಕ್ಕೆ ಹೋದರೆ ಐದಾರಲಿ 30. ಒಬ್ಬ ಮೇಡಂ ಅಲ್ಲೇ ಕೂತು ಮಾಡಬಹುದು. ಭಾರ ಸ್ವಲ್ಪ ಜಾಸ್ತಿ, ಆದರೆ ಪಾಠದ ತಯಾರಿ ಒಂದೇ ತರಗತಿಯದ್ದು, ಓಡಾಟ ಸೊನ್ನೆ.

ಈಗ ಸೆಕ್ಷನ್ ಪ್ರಕಾರ ನೋಡಿ. ಪ್ರತಿ ತರಗತಿಯಿಂದ 'ಎ', 'ಬಿ' ಎರಡೆರಡು ಸೆಕ್ಷನ್ ಕಳಿಸಿದಿರಿ ಅಂತ ಇಟ್ಟುಕೊಳ್ಳಿ. ಆರು ಸೆಕ್ಷನ್, ಇಂಗ್ಲಿಷ್ ಒಂದಕ್ಕೇ 36 ಪೀರಿಯಡ್. ಒಬ್ಬರಿಂದ ಆಗದ ಕೆಲಸ, ಇಬ್ಬರಿಗೆ ಸಾಲದ ಕೆಲಸ. ಎರಡನೆಯವರು ದಿನಾ ಒಂದೊಂದು ಪೀರಿಯಡ್‌ಗೆ ಬೈಕ್ ಹತ್ತಬೇಕು. ಹತ್ತನೆಯವರ ಸಂಜೆಯ ವಿಶೇಷ ತರಗತಿ ಎರಡು ಕಡೆ ನಡೆಸಬೇಕು. ಪ್ರಶ್ನೆಪತ್ರಿಕೆ ಬಂಡಲ್ ಎರಡು ಕಡೆ ಹೋಗಬೇಕು. ನಾವು ಮೊದಲ ಎರಡು ತಿಂಗಳು ಮಾಡಿದ್ದು ಇದನ್ನೇ. ಆ ಹೆಲ್ಮೆಟ್ ಕತೆ ಆಗಿನದ್ದು.

ಮೀಡಿಯಂ ಪ್ರಕಾರ ಒಡೆಯಲು ಒತ್ತಡ ಬಂದೇ ಬರುತ್ತದೆ. "ಇಂಗ್ಲಿಷ್ ಮೀಡಿಯಂ ಹೊಸ ಬಿಲ್ಡಿಂಗಿಗೆ ಹೋಗಲಿ ಸಾರ್" ಅಂತ ಒಬ್ಬರಾದರೂ ಹೇಳುತ್ತಾರೆ. ಮಾಡಬೇಡಿ. ಟೈಲ್ಸ್ ಹಾಕಿದ ಕಟ್ಟಡ ಇಂಗ್ಲಿಷಿಗೆ, ಹೆಂಚು ಸೋರುವ ಕಟ್ಟಡ ಕನ್ನಡಕ್ಕೆ ಅಂತಾದ ಮೇಲೆ ಮುಂದಿನ ಜೂನ್‌ನಲ್ಲಿ ಕನ್ನಡ ಮಾಧ್ಯಮಕ್ಕೆ ಯಾರು ಬರುತ್ತಾರೆ ಹೇಳಿ? ಹುಡುಗಿಯರನ್ನ ಬೇರೆ ಮಾಡಿದರೆ ಅದು ಬಾಲಕಿಯರ ಪ್ರೌಢಶಾಲೆ, ಅಂದರೆ ಎರಡನೇ ಶಾಲೆಯೇ. ಆ ಮಾತು ಬೇರೆ.

ತರಗತಿ ಪ್ರಕಾರ ಒಡೆದರೆ ಇನ್ನೊಂದು ಅನುಕೂಲ ಇದೆ. ಪ್ರತಿ ಮಗುವೂ ಒಂದು ವರ್ಷ ಅಲ್ಲಿ, ಎರಡು ವರ್ಷ ಇಲ್ಲಿ ಓದುತ್ತದೆ. 'ಅವರು ಆ ಕಡೆಯವರು' ಅನ್ನುವುದು ಖಾಯಂ ಆಗುವುದಿಲ್ಲ. ಅಮೆರಿಕದಲ್ಲಿ ಮಕ್ಕಳನ್ನ ಓದಿಸುತ್ತಿರುವ ಕನ್ನಡಿಗರಿಗೆ ಇದು ಗೊತ್ತಿರುತ್ತದೆ. ಶಿಕಾಗೊ ಹತ್ತಿರದ ನ್ಯೂ ಟ್ರಿಯರ್ ಅನ್ನುವ ದೊಡ್ಡ ಸರ್ಕಾರಿ ಹೈಸ್ಕೂಲಿನಲ್ಲಿ 2001ರಿಂದ ಒಂಬತ್ತನೇ ತರಗತಿಯವರೆಲ್ಲ ನಾರ್ತ್‌ಫೀಲ್ಡ್ ಕ್ಯಾಂಪಸ್ಸಿನಲ್ಲಿ, ಹತ್ತರಿಂದ ಹನ್ನೆರಡರವರೆಗಿನವರು ವಿನೆಟ್ಕಾದಲ್ಲಿ. ಟೆಕ್ಸಾಸ್‌ನ ಪ್ಲೇನೋದಲ್ಲಂತೂ 9-10ಕ್ಕೆ ಒಂದು ಶಾಲೆ, 11-12ಕ್ಕೆ ಇನ್ನೊಂದು. ಅವರಲ್ಲಿ ದುಡ್ಡಿದೆ, ಬಸ್ಸಿದೆ, ಸರಿ. ಒಡೆಯುವ ಗೆರೆ ಮಾತ್ರ ಅದೇ.

ಯಾವ ತರಗತಿ ಕಳಿಸಬೇಕು? ಹತ್ತನ್ನ ಎಚ್‌ಎಂ ಕಣ್ಣೆದುರೇ ಇಟ್ಟುಕೊಳ್ಳಬೇಕು ಅನ್ನುತ್ತಾರೆ ಎಲ್ಲರೂ, ರಿಸಲ್ಟ್ ಭಯ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ 2024ರಿಂದ ಸಿಸಿ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂದಿದೆ. ನಿಮ್ಮದು ಪರೀಕ್ಷಾ ಕೇಂದ್ರವಾಗಿದ್ದರೆ ಆ ವೈರಿಂಗ್ ಇರುವ ಕಡೆಯೇ ಹತ್ತನೆಯವರು ಇರುವುದು ಸುಲಭ. ಹಾಗಾಗಿ ಎಂಟನೆಯದು ಹೋಗುತ್ತದೆ. ಪ್ರಾಥಮಿಕ ಶಾಲೆಯ ಖಾಲಿ ರೂಮಿಗೆ ಹೋಗುವುದಾದರೆ ಬೆಂಚೂ ಅವರಿಗೇ ಸರಿ ಹೊಂದುವುದು. ಹತ್ತನೇ ಹುಡುಗರನ್ನ ಆ ಬೆಂಚಿನಲ್ಲಿ ಕೂರಿಸಿದರೆ ಮಂಡಿ ಗದ್ದಕ್ಕೆ ತಾಗುತ್ತದೆ.

ಆದರೆ ಒಂದು ಷರತ್ತು. ಎಂಟನೆಯವರು ಬೇರೆ ಬೇರೆ ಊರಿನ ಏಳನೇ ಕ್ಲಾಸಿನಿಂದ ಬಂದ ಹೊಸಬರು. ಅವರ ಜೊತೆ ಬರೀ ಅತಿಥಿ ಶಿಕ್ಷಕರನ್ನ ಕಳಿಸಿ ಕೈ ತೊಳೆದುಕೊಳ್ಳಬೇಡಿ. ಶಾಲೆಯ ಅತ್ಯಂತ ಹಿರಿಯ ಸಹ ಶಿಕ್ಷಕರೊಬ್ಬರು, ಮಕ್ಕಳು ಹೆದರುವ ಮತ್ತು ಇಷ್ಟಪಡುವ ಒಬ್ಬರು, ಅಲ್ಲಿಗೆ ಹೋಗಲೇಬೇಕು. ಆ ಜಾಗದ ಪ್ರಭಾರ ಅವರದ್ದೇ ಅಂತ ಜ್ಞಾಪನ ಕೊಡಿ. ಬಾಯಿಮಾತು ಸಾಲದು.

ಹೆಜ್ಜೆ 3: ದಾರಿಯನ್ನ ನೀವೇ ಓಡಾಡಿ ಅಳೆಯಿರಿ

ಗೂಗಲ್ ಮ್ಯಾಪ್ ನಮಗೆ 1.2 ಕಿಲೋಮೀಟರ್, ಐದು ನಿಮಿಷ ಅಂತ ತೋರಿಸಿತು. ರೈಲ್ವೆ ಗೇಟ್ ಲೆಕ್ಕ ಅದರಲ್ಲಿರಲಿಲ್ಲ. ಸಂತೆ ದಿನದ ಲೆಕ್ಕವೂ ಇರಲಿಲ್ಲ. ಮೂರು ದಿನ ಓಡಾಡಿ. ಅದರಲ್ಲಿ ಒಂದು ಸಂತೆಯ ದಿನವಾಗಿರಲಿ, ಒಂದು ಮಳೆ ಬರುವ ದಿನವಾಗಿರಲಿ. ಬೈಕಿನಲ್ಲೊಮ್ಮೆ, ನಡೆದುಕೊಂಡೊಮ್ಮೆ. ಎಲ್ಲ ಮೇಡಂಗಳೂ ಸ್ಕೂಟರ್ ಓಡಿಸುವುದಿಲ್ಲ.

ಹಗಲಿನಲ್ಲಿ ಮಕ್ಕಳು ದಾಟಬಾರದು, ಮೇಷ್ಟ್ರು ದಾಟಬೇಕು. ಇದೊಂದು ನಿಯಮ ಮುರಿಯಬೇಡಿ. ಲ್ಯಾಬ್ ಹಳೇ ಜಾಗದಲ್ಲೇ ಇದ್ದರೆ ಎಂಟನೆಯವರಿಗೆ ತಿಂಗಳಿಗೊಂದು ಶನಿವಾರ ಇಡಿ. ಅವತ್ತು ಬೆಳಿಗ್ಗೆ ನೇರ ಅಲ್ಲಿಗೇ ಬರಲಿ, ಅಲ್ಲಿಂದಲೇ ಮನೆಗೆ ಹೋಗಲಿ. ಉಳಿದ ದಿನಕ್ಕೆ ಸಿಬಿಝಡ್ ಮೇಡಂ ಒಂದು ಮೈಕ್ರೋಸ್ಕೋಪು, ಒಂದಷ್ಟು ಬೀಕರು, ಲಿಟ್ಮಸ್ ಕಾಗದ ಪೆಟ್ಟಿಗೆಯಲ್ಲಿಟ್ಟು ಅಲ್ಲೇ ಬೀರುವಿನಲ್ಲಿ ಇಟ್ಟುಕೊಂಡಿದ್ದರು. ಚೆನ್ನಾಗಿಯೇ ನಡೆಯಿತು.

ಬಸ್ಸಿನ ವಿಷಯವೂ ನೋಡಿ. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಎಲ್ಲಿ ಇಳಿದರೂ ನಡೆಯುತ್ತದೆ. ಹುಡುಗರ ಪಾಸಿನಲ್ಲಿ ಎಲ್ಲಿಂದ ಎಲ್ಲಿಗೆ ಅಂತ ಬರೆದಿರುತ್ತದೆ. ಹೊಸ ಜಾಗ ಮುಂದಿನ ಸ್ಟೇಜಿನಲ್ಲಿದ್ದರೆ ಕಂಡಕ್ಟರ್ ಜೊತೆ ಜಗಳ ಗ್ಯಾರಂಟಿ. ಪಾಸಿಗೆ ಅರ್ಜಿ ಹಾಕುವ ಮೊದಲೇ ಮಕ್ಕಳಿಗೆ ಹೇಳಿ.

ಹೆಜ್ಜೆ 4: ಕಟ್ಟಡದ ಕಾಗದ

ಪಕ್ಕದ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿ ಆರು ರೂಮು ಖಾಲಿ ಇವೆ ಅನ್ನುವುದು ಸಾಮಾನ್ಯ ಕತೆ. ಅವರೂ ಸರ್ಕಾರ, ನಾವೂ ಸರ್ಕಾರ, ಕಾಗದ ಯಾಕೆ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ಒಂದು ಸೋಮವಾರ ಬೀಗದ ಕೈ ಇಟ್ಟುಕೊಂಡಿದ್ದವರು ನೆಂಟರ ಮದುವೆಗೆ ಹೋಗಿದ್ದರು. ಫೋನ್ ಸ್ವಿಚ್ ಆಫ್. ಮುನ್ನೂರು ಮಕ್ಕಳು ಹೊಂಗೆ ಮರದ ಕೆಳಗೆ ಹನ್ನೊಂದರವರೆಗೆ ಕೂತರು. ನಮ್ಮ ಹಿಂದಿ ಮೇಡಂ ಅಲ್ಲೇ ಅಂತ್ಯಾಕ್ಷರಿ ಆಡಿಸಿದರು, ಪಾಪ. ಕೊನೆಗೆ ಬೀಗ ಒಡೆದೆವು. ಒಡೆದದ್ದಕ್ಕೆ ಆಮೇಲೆ ಒಂದು ವಾರ ಮಾತು ಕೇಳಬೇಕಾಯಿತು.

ಆದ್ದರಿಂದ ಹೀಗೆ ಮಾಡಿ. ನಿಮ್ಮ ಎಸ್‌ಡಿಎಂಸಿ ಠರಾವು, ಅವರ ಎಸ್‌ಡಿಎಂಸಿ ಠರಾವು, ಎರಡೂ ಸೇರಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಪತ್ರ. ಅಲ್ಲಿಂದ ಲಿಖಿತ ಆದೇಶ ಬರುವವರೆಗೆ ಒಂದು ಬೆಂಚೂ ಸಾಗಿಸಬೇಡಿ. ಒಪ್ಪಂದದಲ್ಲಿ ಯಾವ ರೂಮು, ಯಾವ ಶೌಚಾಲಯ, ನೀರಿನ ಟ್ಯಾಂಕ್ ತೊಳೆಸುವವರು ಯಾರು, ಕರೆಂಟಿನ ಆರ್‌ಆರ್ ನಂಬರ್ ಯಾರದ್ದು, ಬಿಲ್ ಯಾರದ್ದು, ಎಷ್ಟು ದಿನಕ್ಕೆ ಅಂತ ಬರೆಯಿರಿ. ಬೀಗದ ಕೈ ಮೂರು ಜೊತೆ ಮಾಡಿಸಿ. ಕಟ್ಟಡ ಗಟ್ಟಿಯಿದೆ ಅಂತ ಎಂಜಿನಿಯರ್ ಸಹಿ ಇರುವ ಪ್ರಮಾಣಪತ್ರ ಫೈಲಿನಲ್ಲಿರಲಿ. ದಾನಿಗಳು ಕೊಟ್ಟ ಜಾಗವಾಗಿದ್ದರೆ ಪಹಣಿ ತೆಗೆಸಿ ನೋಡಿ. ದಾನ ಕೊಟ್ಟವರು ತೀರಿಕೊಂಡು ಮೊಮ್ಮಕ್ಕಳ ಕಾಲಕ್ಕೂ ಖಾತೆ ಶಾಲೆ ಹೆಸರಿಗೆ ಆಗದ ಉದಾಹರಣೆ ಬೇಕಾದಷ್ಟಿವೆ.

ಶೌಚಾಲಯವನ್ನ ಎಣಿಸುವುದು ಇಂಟರ್ವಲ್ ಹೊತ್ತಿನಲ್ಲಿ. ಖಾಲಿ ಹೊತ್ತಿನಲ್ಲಿ ನೋಡಿದರೆ ಎಲ್ಲ ಸಾಕಾಗುತ್ತದೆ ಅನ್ನಿಸುತ್ತದೆ. ಹತ್ತು ನಿಮಿಷದ ಇಂಟರ್ವಲ್‌ನಲ್ಲಿ 160 ಹುಡುಗಿಯರು, ಎರಡು ಬಾಗಿಲು. ನೀವೇ ಭಾಗಿಸಿ. ನಾವು ಸೆಕ್ಷನ್ ಪ್ರಕಾರ ಎರಡು ಇಂಟರ್ವಲ್ ಮಾಡಬೇಕಾಯಿತು.

ಹೆಜ್ಜೆ 5: ವೇಳಾಪಟ್ಟಿ, ಇದೇ ಅಸಲಿ ಕೆಲಸ

ಎಲ್ಲ ಮುಗಿದ ಮೇಲೆ ವೇಳಾಪಟ್ಟಿ ಹಾಕುತ್ತಾರೆ. ಹಾಗಲ್ಲ, ವೇಳಾಪಟ್ಟಿ ಹಾಕಿ ನೋಡಿದ ಮೇಲೆ ಉಳಿದದ್ದು.

ಒಂದು ದೊಡ್ಡ ಡ್ರಾಯಿಂಗ್ ಶೀಟ್ ತಗೊಳ್ಳಿ. ಎಡಕ್ಕೆ ಮೇಷ್ಟ್ರುಗಳ ಹೆಸರು, ಮೇಲೆ ದಿನ ಮತ್ತು ಪೀರಿಯಡ್. ಹಳೇ ಜಾಗದ ಪೀರಿಯಡ್ ನೀಲಿ, ಹೊಸ ಜಾಗದ್ದು ಕೆಂಪು. ಒಂದೇ ಸಾಲಿನಲ್ಲಿ ನೀಲಿ ಕೆಂಪಾದ ಕಡೆಯೆಲ್ಲ ಒಂದು ಓಡಾಟ. ಅದನ್ನ ಎಣಿಸಿ. ಸೆಕ್ಷನ್ ಪ್ರಕಾರ ಒಡೆದಿದ್ದಾಗ ನಮ್ಮ ಶೀಟು ಬಳೆ ಅಂಗಡಿ ಥರ ಇತ್ತು.

ಆಮೇಲೆ ಶಿಕ್ಷಕರನ್ನ ಮೂರು ಗುಂಪು ಮಾಡಿ. ಪೂರ್ತಿ ವಾರ ಒಂದೇ ಕಡೆ ಇರುವವರು ಮೊದಲ ಗುಂಪು. ಇದು ಆದಷ್ಟು ದೊಡ್ಡದಿರಲಿ. ಎರಡನೆಯದು ಅರ್ಧ ದಿನದವರು: ಬೆಳಿಗ್ಗೆ ಅಲ್ಲಿ, ಊಟವಾದ ಮೇಲೆ ಇಲ್ಲಿ. ಊಟದ ಬಿಡುವಿನಲ್ಲಿ ಮಾತ್ರ ದಾಟಬೇಕು, ಬೇರೆ ಯಾವ ಪೀರಿಯಡ್ ಮಧ್ಯೆಯೂ ಇಲ್ಲ. ನಮ್ಮಲ್ಲಿ ಹಿಂದಿಗೆ ವಾರಕ್ಕೆ ಮೂರು ಪೀರಿಯಡ್, ಎಂಟನೆಯ ಐದು ಸೆಕ್ಷನ್‌ಗೆ 15. ಒಬ್ಬರಿಗೆ ಪೂರ್ತಿ ಕೆಲಸವಲ್ಲ, ಹಾಗಾಗಿ ಅವರು ಈ ಗುಂಪಿಗೆ. ಮೂರನೆಯದು ದಿನ ಹಂಚಿಕೊಳ್ಳುವವರು. ಪಿಟಿ ಮೇಷ್ಟ್ರು, ಡ್ರಾಯಿಂಗ್ ಮೇಷ್ಟ್ರು ಸೋಮವಾರದಿಂದ ಮೂರು ದಿನ ಇಲ್ಲಿ, ಗುರುವಾರದಿಂದ ಅಲ್ಲಿ.

ಯಾರು ಅರ್ಧ ದಿನದ ಗುಂಪಿಗೆ ಬೀಳುತ್ತಾರೋ ಅವರ ಕಡೆಯೂ ಸ್ವಲ್ಪ ನೋಡಿ. ಪೆಟ್ರೋಲ್ ಖರ್ಚಿಗೆ ಯಾವ ಹೆಡ್ಡಿನಲ್ಲೂ ದುಡ್ಡಿಲ್ಲ. ಅವರಿಗೆ ಅಡ್ಜಸ್ಟ್‌ಮೆಂಟ್ ಪೀರಿಯಡ್ (ರಜೆಯಲ್ಲಿರುವವರ ಬದಲಿ ಕ್ಲಾಸು) ಹಾಕಬೇಡಿ, ಕ್ಲಾಸ್ ಟೀಚರ್ ಜವಾಬ್ದಾರಿ ಕೊಡಬೇಡಿ. ಇಷ್ಟು ಮಾಡಿದರೆ ಗೊಣಗಾಟ ಅರ್ಧ ಕಡಿಮೆ.

ಸಹಿ ಎಲ್ಲಿ? ಬೆಳಿಗ್ಗೆ ಯಾರು ಎಲ್ಲಿಗೆ ಬರಬೇಕೋ ಅಲ್ಲೇ ಹಾಜರಿ ಪುಸ್ತಕ. ಮುಖ್ಯ ಕಚೇರಿಗೆ ಬಂದು ಸಹಿ ಹಾಕಿ ಆಮೇಲೆ ಹೋಗಿ ಅಂದರೆ ಮೊದಲ ಪೀರಿಯಡ್ ದಿನಾ ಹೋಯಿತು ಅಂತ ಲೆಕ್ಕ. ದಾಟುವವರು ಚಲನವಲನ ವಹಿಯಲ್ಲಿ ಹೊರಟ ಸಮಯ ಬರೆಯಲಿ. ಬಿಇಒ ಭೇಟಿಗೆ ಬಂದ ದಿನ ಆ ಪುಸ್ತಕವೇ ನಿಮ್ಮನ್ನ ಕಾಪಾಡುವುದು.

ಎಚ್‌ಎಂ ಎಲ್ಲಿರಬೇಕು? ವಾರಕ್ಕೆ ಎರಡು ದಿನ, ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಬೆಲ್‌ವರೆಗೆ, ಹೊಸ ಜಾಗದಲ್ಲಿ. ಸುಮ್ನೆ ಒಂದು ರೌಂಡ್ ಹೊಡೆದು ಬರುವುದು ಲೆಕ್ಕಕ್ಕಿಲ್ಲ.

ಹೆಜ್ಜೆ 6: ಬಿಸಿಯೂಟ

ಅಡುಗೆ ಒಂದೇ ಕಡೆ ಮಾಡಿ ಆಟೋದಲ್ಲಿ ಕಳಿಸುವುದು ಸುಲಭ ಅಂತ ಕಾಣುತ್ತದೆ. ಮೊದಲ ದಿನ ನಮ್ಮ ಅರ್ಧ ಸಾಂಬಾರ್ ರೋಡ್ ಹಂಪ್‌ನಲ್ಲೇ ಚೆಲ್ಲಿ ಹೋಯಿತು. ಮುಚ್ಚಳಕ್ಕೆ ಕ್ಲಿಪ್ ಇರುವ ಡಬರಿ ತಂದೆವು. ಆಮೇಲೆ ಗೇಟ್ ಬಿದ್ದ ದಿನ ಅನ್ನ ಆರಿ ಹೋಯಿತು. ಪಕ್ಕದ ಪ್ರಾಥಮಿಕ ಶಾಲೆಯ ಅಡುಗೆಮನೆ ಇತ್ತಲ್ಲ, ಅಲ್ಲೇ ನಮ್ಮ ಮಕ್ಕಳಿಗೂ ಮಾಡಿಸಬಹುದಿತ್ತು ಅಂತ ಹೊಳೆದದ್ದು ಮೂರು ವಾರದ ಮೇಲೆ. ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರಿಗೆ ಪತ್ರ ಬರೆದು, ನಮ್ಮ ಇಬ್ಬರು ಅಡುಗೆಯವರನ್ನ ಅಲ್ಲಿಗೆ ಕಳಿಸಿ, ದಿನಸಿ ಲೆಕ್ಕ ಬೇರೆ ಇಟ್ಟೆವು. ಅಕ್ಕಿ ಮೂಟೆ, ಎಣ್ಣೆ, ಮೊಟ್ಟೆ, ಎಲ್ಲದಕ್ಕೂ ಎರಡು ಸ್ಟಾಕ್ ಪುಸ್ತಕ ಇರಲಿ. ಇಲ್ಲದಿದ್ದರೆ ಮೊಟ್ಟೆ ಎಣಿಕೆಯಲ್ಲೇ ಎರಡು ಶಾಲೆಗೆ ಮನಸ್ತಾಪ. ಬಡಿಸುವ ಮೊದಲು ಶಿಕ್ಷಕರೊಬ್ಬರು ರುಚಿ ನೋಡಿ ಬರೆಯುವ ಪದ್ಧತಿ ಎರಡು ಕಡೆಯೂ ತಪ್ಪಬಾರದು.

ಹೆಜ್ಜೆ 7: ಪೋಷಕರಿಗೆ ಹೇಳುವುದು

ತೀರ್ಮಾನವಾದ ಮೇಲೆ ಕರೆದರೆ ಜಗಳ. ಮೊದಲೇ ಕರೆದರೆ ಕೆಲಸಕ್ಕೆ ಬರುವ ಮಾತು ಸಿಗುತ್ತದೆ. ನಮ್ಮ ಸಭೆಯಲ್ಲಿ ಒಬ್ಬ ತಾಯಿ ಎದ್ದು ಕೇಳಿದರು: "ಸಾರ್, ದೊಡ್ಡೋಳು ಒಂಬತ್ತು, ಚಿಕ್ಕೋಳು ಎಂಟು. ಇಬ್ರೂ ಒಂದೇ ಆಟೋ. ಆಟೋದವ್ನು ಮೊದ್ಲು ಚಿಕ್ಕೋಳನ್ನ ಇಳಿಸಿ ಹೋದ್ರೆ ಅರ್ಧ ಗಂಟೆ ಅಲ್ಲಿ ಗೇಟ್ ಮುಂದೆ ನಿಂತಿರ್ಬೇಕಾ?"

ನಮ್ಮ ಇಪ್ಪತ್ತಾರು ಶಿಕ್ಷಕರಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ ಅದು. ಅವತ್ತೇ ತೀರ್ಮಾನ ಮಾಡಿದೆವು, ಹೊಸ ಜಾಗದ ಗೇಟು ಅರ್ಧ ಗಂಟೆ ಮೊದಲೇ ತೆಗೆಯಬೇಕು, ಒಳಗೆ ಒಬ್ಬ ಶಿಕ್ಷಕರು ಇರಬೇಕು, ಸರದಿ ಪ್ರಕಾರ. ಎರಡೂ ಕಡೆಯ ಫೋನ್ ನಂಬರ್, ಜೊತೆಗೆ ಮಕ್ಕಳ ಸಹಾಯವಾಣಿ 1098, ಡೈರಿಯ ಮೊದಲ ಪುಟದಲ್ಲಿ ಅಚ್ಚು ಹಾಕಿಸಿ.

ಆಗಸ್ಟ್ 15ಕ್ಕೆ, ಶಾಲಾ ವಾರ್ಷಿಕೋತ್ಸವಕ್ಕೆ ಎಲ್ಲರೂ ಒಂದೇ ಕಡೆ ಸೇರಲಿ. ಕಬಡ್ಡಿ ಟೀಮ್, ಖೋಖೋ ಟೀಮ್ ಒಂದೇ ಇರಲಿ.

ಹೆಜ್ಜೆ 8: ಹೋದ ಪೀರಿಯಡ್ ಪುಸ್ತಕ

ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಓಡಾಟದಿಂದ ಐದು ನಿಮಿಷಕ್ಕಿಂತ ಜಾಸ್ತಿ ತಡವಾದ ಪೀರಿಯಡ್, ನಡೆಯದೇ ಹೋದ ಪೀರಿಯಡ್, ದಿನಾಂಕ, ಸೆಕ್ಷನ್, ಕಾರಣ. ಬರೆಯಬೇಕಾದವರು ಕ್ಲಾಸ್ ಲೀಡರ್. ಮೇಷ್ಟ್ರಿಗೆ ಬಿಟ್ಟರೆ ಯಾರೂ ತಮ್ಮ ತಡವನ್ನ ತಾವೇ ಬರೆಯುವುದಿಲ್ಲ, ನಾನೂ ಬರೆಯುತ್ತಿರಲಿಲ್ಲ. ಯಾರನ್ನೂ ಹಿಡಿಯುವುದಕ್ಕಲ್ಲ ಇದು ಅಂತ ಸ್ಟಾಫ್ ಮೀಟಿಂಗಿನಲ್ಲಿ ಮೊದಲೇ ಹೇಳಿ. ಮೊದಲ ತಿಂಗಳ ಕೊನೆಗೊಮ್ಮೆ, ಎಸ್‌ಎ-1 (ಅರ್ಧವಾರ್ಷಿಕ ಪರೀಕ್ಷೆ) ಆದ ಮೇಲೊಮ್ಮೆ ಕೂತು ಕೂಡಿಸಿ. ನಾವು ಸೆಕ್ಷನ್ ಬಿಟ್ಟು ತರಗತಿ ಪ್ರಕಾರ ಬದಲಾಯಿಸಿದ್ದು ಆ ಪುಸ್ತಕ ತೋರಿಸಿಯೇ. ಹೊಸ ರೂಮು ಕಟ್ಟಿಸಿಕೊಡಿ ಅಂತ ಕೇಳುವಾಗಲೂ ಅದರ ಜೆರಾಕ್ಸ್ ಲಗತ್ತಿಸಿದೆವು.

ಕೊನೆಯದು ಬೋರ್ಡು. ಪೇಂಟರ್ ಬಂದು "ಸಾರ್, 'ಶಾಖೆ' ಅಂತ ಬರೀಲಾ, 'ಅನೆಕ್ಸ್' ಅಂತ ಬರೀಲಾ" ಅಂತ ಕೇಳಿದ. ಎರಡೂ ಬೇಡ ಅಂದೆ. ಮುಖ್ಯ ಗೇಟಿನಲ್ಲಿ ಏನಿದೆಯೋ ಅದೇ ಹೆಸರು, ಅದೇ ಅಕ್ಷರದ ಗಾತ್ರ, ಕೆಳಗೆ ಅದೇ ಯುಡೈಸ್ ನಂಬರ್. ಬಣ್ಣ ಹಚ್ಚಿದ್ದಕ್ಕೆ 1,800 ರೂಪಾಯಿ ಆಯಿತು. ಆಟೋದವರು ಮಾತ್ರ ಈಗಲೂ ಅದನ್ನ 'ಎಂಟ್ನೇ ಸ್ಕೂಲು' ಅಂತಲೇ ಕರೆಯುತ್ತಾರಂತೆ.